ಮತ್ತು ಇತರ ಬಂಧುಗಳು

ನಮ್ಮ ಕೊಚ್ಕೋರ್ ಊರಿನಲ್ಲಿ ಯಾರಿಗಾದರೂ ಎಪ್ಪತ್ತೋ ಎಂಬತ್ತೋ ತುಂಬಿದರೆ, ಶಾರ್ಶೆನ್ ಅದನ್ನು ಟೀವಿಯಲ್ಲಿ ಹೇಳುವವರೆಗೆ ಅದು ತುಂಬಿದ ಲೆಕ್ಕವಲ್ಲ. ಎಷ್ಟು ಕುರಿ ಬೇಕಾದರೂ ಕೊಯ್ಯಲಿ, ಬೋರ್ಸೋಕ್ ಎಂಬ ಹಿಟ್ಟಿನ ಉಂಡೆ ಕರಿದ ಎಣ್ಣೆಯ ಘಮ ಪಕ್ಕದ ಊರಿನವರ ಹೊಟ್ಟೆ ಉರಿಸಲಿ, ಶಾರ್ಶೆನ್‌ನ ಬಾಯಿಂದ ಬರದ ವಯಸ್ಸು ವಯಸ್ಸೇ ಅಲ್ಲ.

ಬೆಟ್ಟದ ಹುಲ್ಲುಗಾವಲಿನ ಹೆಸರು ಹೊತ್ತ ನಮ್ಮ ಕಣಿವೆಯ ಪುಟ್ಟ ವಾಹಿನಿ ‘ಜೈಲೋ ಟೀವಿ’ಯಲ್ಲಿ ಮಧ್ಯಾಹ್ನದ ಹೊತ್ತಿಗೆ ‘ಶುಭಾಶಯ’ ಬರುತ್ತಿತ್ತು. ನೀಲಿ ಪರದೆ, ಅದರ ಮುಂದೆ ಮೇಜು, ಮೇಜಿನ ಮೇಲೆ ಎಂದೂ ಬಾಡದ ಬಟ್ಟೆಯ ಹೂವು, ಹೂವಿನ ಹಿಂದೆ ಎಂದೂ ಬಾಡದ ಶಾರ್ಶೆನ್. ಮೊದಲು ಹುಟ್ಟುಹಬ್ಬದವರ ಫೋಟೋ, ಆಮೇಲೆ ಅವನ ಧ್ವನಿ, ಕೊನೆಗೊಂದು ಹಾಡು. ಆ ಧ್ವನಿ ಎಂಥದ್ದೆಂದರೆ ಅಳುವ ಮಕ್ಕಳು ಸುಮ್ಮನಾಗುತ್ತಿದ್ದವು, ಸುಮ್ಮನಿದ್ದ ಮುದುಕಿಯರು ಅಳುತ್ತಿದ್ದರು.

ಆದರೆ ಕಾರ್ಯಕ್ರಮದ ಜೀವ ಇದ್ದದ್ದು ಧ್ವನಿಯಲ್ಲೂ ಅಲ್ಲ, ಹಾಡಿನಲ್ಲೂ ಅಲ್ಲ, ಮೂರು ಪದಗಳಲ್ಲಿ. ಹೆಂಡತಿ, ಮಕ್ಕಳು, ಸೊಸೆಯಂದಿರು, ಬೀಗರು ಎಂದು ಹತ್ತಿರದವರ ಹೆಸರೆಲ್ಲ ಓದಿ ಮುಗಿಸಿ ಶಾರ್ಶೆನ್ ಗೋಡೆಯ ಗಡಿಯಾರದತ್ತ ಒಮ್ಮೆ ನೋಡಿ, ತುಂಬ ದುಃಖದಿಂದ, “ಮತ್ತು ಇತರ ಬಂಧುಗಳು” ಎನ್ನುತ್ತಿದ್ದ. ಆ ಮೂರು ಪದಗಳು ಈ ಕಣಿವೆಯಲ್ಲಿ ಕಾಪಾಡಿದ ಶಾಂತಿಯನ್ನು ಪೊಲೀಸ್ ಇಲಾಖೆಯೂ ಕಾಪಾಡಿಲ್ಲ. ಏಕೆಂದರೆ ಏಳು ತಲೆಮಾರಿನ ತಂದೆಯರ ಹೆಸರು ಬಾಯಿಪಾಠ ಹೇಳಲಾರದವನನ್ನು ನಾವು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಬ್ಬ ನೆಂಟನ ಹೆಸರು ಬಿಟ್ಟರೆ ಒಂದು ಜಗಳ; ಹಿರಿಯನ ಹೆಸರಿಗಿಂತ ಮೊದಲು ಕಿರಿಯನ ಹೆಸರು ಬಂದರೆ ಎರಡು ಜಗಳ. ಟೀವಿಯಲ್ಲಿ ಮಾತ್ರ ಯಾರೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ. “ಪಾಪ, ಶಾರ್ಶೆನ್ ಏನು ಮಾಡ್ತಾನೆ, ಗಡಿಯಾರ ಬಿಡಲಿಲ್ಲ” ಎಂದು ಎಲ್ಲರೂ ಸಮಾಧಾನದಿಂದ ‘ಇತರರು’ ಆಗಿ ಚಹಾ ಕುಡಿಯುತ್ತಿದ್ದರು.

ಹೀಗಿರುವಾಗ ಜೈಲೋ ಟೀವಿಯ ಪ್ರಸಾರ ಗೋಪುರಕ್ಕೆ ಮುಪ್ಪು ಬಂತು.

ನಿರ್ದೇಶಕಿ ನಾಜಿರಾ ಎಲ್ಲರನ್ನೂ ಕರೆದು ಸುದ್ದಿ ಹೇಳಿದಳು. “ಗುರುವಾರ ಸಂಜೆಯಿಂದ ಗೋಪುರ ಬಂದ್. ಇನ್ಮೇಲೆ ಎಲ್ಲಾ ಆನ್‌ಲೈನ್. ಜನ ಟೀವಿ ನೋಡ್ತಿಲ್ಲ, ಮೊಬೈಲ್ ನೋಡ್ತಿದಾರೆ. ಸುದ್ದಿ ಹೋಗತ್ತೆ, ಕುಸ್ತಿ ಹೋಗತ್ತೆ, ಅಡುಗೆ ಹೋಗತ್ತೆ. ‘ಶುಭಾಶಯ’ ಹೋಗಲ್ಲ.”

“ಹೋಗಲ್ಲ ಅಂದ್ರೆ ಟೀವಿಯಲ್ಲೇ ಉಳಿಯತ್ತಾ ಮೇಡಂ?” ಎಂದ ಶಾರ್ಶೆನ್ ಆಸೆಯಿಂದ.

“ಟೀವಿನೇ ಉಳಿಯಲ್ಲ ಶಾರ್ಶೆನಣ್ಣ. ಶುಭಾಶಯನ ಈಗ ಜನ ಅವರವರೇ ಹಾಕ್ಕೋತಾರೆ. ಕೇಕು, ಎರಡು ಬಲೂನು, ಆಯ್ತು. ನಿಮಗೆ ಉಗ್ರಾಣದ ಕೆಲಸ ಕೊಡ್ತೀನಿ. ಹಳೇ ಕ್ಯಾಸೆಟ್ಟೆಲ್ಲ ಜೋಡಿಸಿಡಿ.”

ಶಾರ್ಶೆನ್ ಸಾಧು ಮನುಷ್ಯ. ಅಂಗಡಿಯಲ್ಲಿ ಹುಳಿ ಬಂದ ಹಾಲು ಕೊಟ್ಟರೆ ಮೊಸರು ಮಾಡಿಕೊಂಡು ತಿನ್ನುವವನು. ಆದರೆ ಅವತ್ತು ಅವನು ಕುರ್ಚಿಯಿಂದ ಏಳಲಿಲ್ಲ. ಸಭೆ ಮುಗಿದು ಎಲ್ಲರೂ ಹೋದರೂ ಏಳಲಿಲ್ಲ. ನಾಜಿರಾ ದೀಪ ಆರಿಸಿದಳು, ಕತ್ತಲಲ್ಲೂ ಕೂತಿದ್ದ.

“ಒಂದೇ ಒಂದು ಸಲ ಬಿಟ್ಟು ನೋಡಿ ಮೇಡಂ. ಶುಕ್ರವಾರ ತೊಕೊಬಾಯಜ್ಜನಿಗೆ ಎಂಬತ್ತು. ಅವರ ಮಗ ಎರ್ಮೆಕ್ ಆಗಲೇ ಹೇಳಿಟ್ಟಿದಾನೆ.”

ನಾಜಿರಾಗೆ ಮನೆಗೆ ಹೊತ್ತಾಗಿತ್ತು. “ಸರಿ. ಒಂದೇ ಸಲ. ನೋಡೋರು ಸಾವಿರ ಜನ ಆದ್ರೂ ಇರಬೇಕು. ಮತ್ತೆ ಒಬ್ಬನೇ ಒಬ್ಬ ನೆಂಟ ನನ್ನ ಬಾಗಿಲಿಗೆ ದೂರು ತಗೊಂಡು ಬರಬಾರ್ದು. ಎರಡ್ರಲ್ಲಿ ಒಂದು ತಪ್ಪಿದ್ರೂ ಉಗ್ರಾಣ. ಈಗ ಏಳಿ, ಬೀಗ ಹಾಕ್ಬೇಕು.”

ಇಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಮನುಷ್ಯನಿಗೆ ಕಷ್ಟ ಬರುವುದು ಕೆಲಸ ಹೋಗುವಾಗ ಅಲ್ಲ, ನೆಂಟರ ಮನೆಯ ಊಟಕ್ಕೆ ಹೋಗುವಾಗ.

ಬುಧವಾರ ಪಕ್ಕದಲ್ಲೇ ಇರುವ ನೆಂಟರ ಮನೆಯಲ್ಲಿ ಮಗು ಮೊದಲ ಹೆಜ್ಜೆ ಇಟ್ಟಿದ್ದಕ್ಕೆ ಸಮಾರಂಭ. ಕಾಲಿಗೆ ಕಟ್ಟಿದ ಕಪ್ಪು ಬಿಳಿ ದಾರವನ್ನು ಕತ್ತರಿಸಿ, ಮಗು ನಡೆದು, ಬಿದ್ದು, ಅತ್ತು, ಎಲ್ಲವೂ ಸಾಂಗವಾಗಿ ಮುಗಿದು ಮಾಂಸದ ತಟ್ಟೆ ಬಂದಿತ್ತು. ಸಮಾರಂಭ ನಡೆಸಿಕೊಡುತ್ತಿದ್ದವನು ಅಜಾತ್. ಮಿನುಗುವ ಕೋಟು ತೊಟ್ಟು, ಮೈಕನ್ನು ಹಲ್ಲಿಗೆ ತಾಗಿಸಿಯೇ ಮಾತಾಡುವ ಯುವಕ.

“ನೋಡಿ ಯಾರು ಬಂದಿದಾರೆ!” ಎಂದ ಮೈಕಿನಲ್ಲಿ. “ಶಾರ್ಶೆನಣ್ಣ! ಅಣ್ಣಾ, ಟೀವಿ ಕಥೆ ಮುಗೀತಂತೆ? ಮ್ಯೂಸಿಯಂನವರು ನಿಮ್ಮನ್ನ ಮೇಜಿನ ಸಮೇತ ಎತ್ಕೊಂಡು ಹೋಗ್ತಾರಂತೆ? ಹೂವು ನಂಗೆ ಕೊಟ್ಟುಬಿಡಿ, ಆಯ್ತಾ?”

ಜನ ನಕ್ಕರು. ಮಗುವೂ ನಕ್ಕಿತು. ಶಾರ್ಶೆನ್ ಬಾಯಲ್ಲಿದ್ದ ಮಾಂಸವನ್ನು ನಿಧಾನವಾಗಿ ಅಗಿದು ನುಂಗಿ ಎದ್ದು ನಿಂತ. ಅವನ ಹೆಂಡತಿ ಬುರುಲ್ ಕೆಳಗಿನಿಂದ ಕೋಟು ಜಗ್ಗಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡ ಎದ್ದು ನಿಲ್ಲುವ ರೀತಿಯಲ್ಲೇ ಮುಂದಿನದು ಕಾಣುತ್ತಿತ್ತು.

“ಮುಗಿದಿದ್ದು ಗೋಪುರ ಕಣಪ್ಪಾ, ಶಾರ್ಶೆನ್ ಅಲ್ಲ,” ಎಂದ ಅವನು, ಟೀವಿಯ ಧ್ವನಿಯಲ್ಲಿ. “ಟೀವಿಯಲ್ಲಿ ನಂಗೆ ಗಡಿಯಾರ ಇತ್ತು. ಆನ್‌ಲೈನಲ್ಲಿ ಗಡಿಯಾರ ಇಲ್ಲ, ಗೋಡೇನೂ ಇಲ್ಲ. ಹಿರಿಯರೇ, ಕೇಳಿ. ಇಷ್ಟು ವರ್ಷ ನಾನು ನಿಮ್ಮನ್ನೆಲ್ಲ ‘ಇತರರು’ ಅಂದೆ. ನನ್ನ ನಾಲಿಗೆ ಸುಟ್ಟಿತ್ತು ಪ್ರತಿ ಸಲಾನೂ. ಶುಕ್ರವಾರದಿಂದ ಆ ಪದಾನೇ ಇಲ್ಲ. ತೊಕೊಬಾಯಜ್ಜನ ಬಂಧುಬಳಗದಲ್ಲಿ ಒಂದು ಹೆಸರೂ ಬಿಡಲ್ಲ. ಹಿರಿಯರಿಂದ ಕಿರಿಯರ ತನಕ, ಸರಿಯಾದ ಸಾಲಲ್ಲಿ. ಮಾತು ಅಂದ್ರೆ ಮಾತು.”

ಆಮೇಲೆ ಬಿಳಿಗಡ್ಡದ ಹಿರಿಯರೆಲ್ಲ ತಲೆದೂಗಿದರು. ತೊಕೊಬಾಯಜ್ಜನ ಅತ್ತಿಗೆಯ ಕಡೆಯ ಸಾಲ್ಕಿನ್ ಅತ್ತೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, “ಅಂತೂ ಸಾಯೋದ್ರೊಳಗೆ ನನ್ನ ಹೆಸರು ಕೇಳಿಸ್ಕೋತೀನಿ” ಎಂದಳು. ಅಜ್ಜನ ಮಗ, ಹಿಟ್ಟಿನ ಗಿರಣಿಯ ಎರ್ಮೆಕ್ ಓಡಿಬಂದು ಶಾರ್ಶೆನ್‌ನನ್ನು ಅಪ್ಪಿಕೊಂಡ. ಅಜಾತ್ ಮಾತ್ರ ಮೈಕನ್ನು ಬಾಯಿಂದ ದೂರ ಹಿಡಿದು ನಕ್ಕ. ಸಮಾರಂಭ ನಡೆಸುವವನಾದ್ದರಿಂದ ಅವನಿಗೆ ತೊಕೊಬಾಯಜ್ಜನ ಬಳಗದ ಅಳತೆ ಗೊತ್ತಿತ್ತು.

“ರೀ, ಅಜ್ಜನ ಅಪ್ಪನಿಗೆ ಎಷ್ಟು ಜನ ಅಣ್ಣತಮ್ಮಂದಿರು ಅಂತ ಗೊತ್ತಾ ನಿಮಗೆ?” ಎಂದಳು ಬುರುಲ್ ಮನೆಗೆ ಹೋಗುವ ದಾರಿಯಲ್ಲಿ.

“ಇರ್ತಾರೆ ನಾಕೋ ಐದೋ.”

ಬುರುಲ್ ನಡೆಯುತ್ತಲೇ ಬೆರಳು ಮಡಿಸಿ ಎಣಿಸತೊಡಗಿದಳು; ಎರಡೂ ಕೈಯ ಬೆರಳು ಮುಗಿದರೂ ಎಣಿಕೆ ಮುಗಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಅದೇ ನೀಲಿ ಪರದೆ, ಅದೇ ಮೇಜು, ಅದೇ ಹೂವು. ದೊಡ್ಡ ಕ್ಯಾಮೆರಾ ಇದ್ದ ಜಾಗದಲ್ಲಿ ಮುಕ್ಕಾಲಿಗೆ ಸಿಕ್ಕಿಸಿದ ಮೊಬೈಲ್. ಅದರ ಹಿಂದೆ ಕೆಂಜೆಗುಲ್. ಹಳೆಯ ಕ್ಯಾಮೆರಾವನ್ನು ಹೊತ್ತು ಹೊತ್ತು ಒಂದು ಹೆಗಲು ಇಳಿಸಿಕೊಂಡಿದ್ದ ಹೆಂಗಸು. ಮೊಬೈಲನ್ನು ಅವಳು ನೋಡುತ್ತಿದ್ದುದು ಎತ್ತಿನಗಾಡಿಯವನು ಸೈಕಲ್ ನೋಡುವ ಹಾಗೆ.

“ಹನ್ನೊಂದು ಜನ ನೋಡ್ತಿದಾರೆ,” ಎಂದಳು. “ಅದ್ರಲ್ಲಿ ಒಬ್ಬಳು ನಾನು. ಇನ್ನೊಬ್ಬಳು ನಿನ್ನ ಹೆಂಡ್ತಿ.”

ಶಾರ್ಶೆನ್ ಎದೆಯುಬ್ಬಿಸಿ ಶುರುಮಾಡಿದ. ಎರ್ಮೆಕ್ ಕೊಟ್ಟ ಹೆಸರುಗಳನ್ನು ಹಿರಿಯರಿಂದ ಕಿರಿಯರವರೆಗೆ ನಿಧಾನವಾಗಿ, ಒಂದೊಂದು ಹೆಸರಿಗೂ ಜೇನು ಸವರಿ ಓದಿದ. ಕೊನೆಯ ಮೊಮ್ಮಗಳ ಹೆಸರು ಮುಗಿಯಿತು. ಅಭ್ಯಾಸಬಲದಿಂದ ಗೋಡೆಯತ್ತ ನೋಡಿದ. ಗಡಿಯಾರವನ್ನು ಗೋಪುರದವರು ಒಯ್ದಿದ್ದರು.

ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ಸಾಲು ಮೂಡಿತು. ಕೆಂಜೆಗುಲ್ ಕಣ್ಣು ಕಿರಿದು ಮಾಡಿ ಓದಿದಳು: “‘ನಮ್ಮ ಅಪ್ಪ ಜೂಮಾಲಿ ಹೆಸರು ಬಿಟ್ಟಿದೀರಿ. ಅವರು ಅಜ್ಜನ ಚಿಕ್ಕಪ್ಪನ ಮಗ. ಮಾಸ್ಕೋದಿಂದ ಟ್ಯಾಕ್ಸಿ ನಿಲ್ಲಿಸ್ಕೊಂಡು ನೋಡ್ತಿದೀವಿ.’”

“ಖಂಡಿತ! ಜೂಮಾಲಿ ಅವರಿಂದಲೂ ಶುಭಾಶಯ!” ಎಂದ ಶಾರ್ಶೆನ್ ಸಂತೋಷದಿಂದ.

“‘ಜೂಮಾಲಿ ನಿಮ್ಮ ಎರ್ಮೆಕ್‌ನ ಮಾವನಿಗಿಂತ ದೊಡ್ಡವರು. ಕೊನೇಲಿ ಓದಿದ್ರಲ್ಲ, ನಾವೇನು ಬಾಲಾನಾ?’” ಎಂದು ಕೆಂಜೆಗುಲ್ ಮುಂದಿನ ಸಾಲು ಓದಿದಳು.

ಶಾರ್ಶೆನ್ ಯೋಚಿಸಿದ. ಸರಿಯಾದ ಸಾಲಲ್ಲಿ ಎಂದು ಮಾತು ಕೊಟ್ಟವನು ತಾನು. “ತಪ್ಪಾಯ್ತು. ಮೊದಲಿಂದ ಓದ್ತೀನಿ” ಎಂದ.

ಮೊದಲಿಂದ ಓದಿದ. ಅಂದು ಅವನು ಮಾಡಿದ ತಪ್ಪುಗಳಲ್ಲೆಲ್ಲ ಇದೇ ದೊಡ್ಡದು. ಏಕೆಂದರೆ ಸಾಲು ತಪ್ಪಿದರೆ ಮೊದಲಿಂದ ಓದುತ್ತಾರಂತೆ ಎಂಬ ಸುದ್ದಿ ಮಾಸ್ಕೋದ ಟ್ಯಾಕ್ಸಿಗಳಿಂದ ಸೋಲ್ ನಗರದ ಕಾರ್ಖಾನೆಗಳಿಗೆ, ಅಲ್ಲಿಂದ ಯಾಕುತ್ಸ್ಕ್‌ನ ಹಿಮ ಗುಡಿಸುವ ಹೆಂಗಸರಿಗೆ, ಅಲ್ಲಿಂದ ವಾಪಸ್ ನಮ್ಮ ಬೀದಿಗೆ ಬಂತು. ಬದುಕಿಗಾಗಿ ದಿಕ್ಕುದಿಕ್ಕಿಗೆ ಹೋಗಿದ್ದ ತೊಕೊಬಾಯಜ್ಜನ ಬಳಗವೆಲ್ಲ ಎದ್ದು ಕೂತಿತು. ಚಿಕ್ಕಪ್ಪನ ಮಗನ ಬೆನ್ನಿಗೆ ದೊಡ್ಡಪ್ಪನ ಮಗ ಬಂದ. ಮೊದಲಿಂದ. ದೊಡ್ಡಪ್ಪನ ಮಗನಿಗಿಂತ ಒಂದು ಚಳಿಗಾಲ ಮೊದಲು ಹುಟ್ಟಿದ ಸೋದರತ್ತೆ ಬಂದಳು. ಮೊದಲಿಂದ. ಇನ್ನೊಂದು ಮನೆಯ ಅವಳಿಗಳು, ಅಸಾನ್ ಮತ್ತು ಉಸೋನ್, ತಮ್ಮಲ್ಲಿ ಮೊದಲು ಹುಟ್ಟಿದ್ದು ಯಾರು ಎಂಬ ಅರುವತ್ತು ವರ್ಷದ ಹಳೆಯ ವ್ಯಾಜ್ಯವನ್ನು ಕಾಮೆಂಟಿನಲ್ಲಿ ಮತ್ತೆ ತೆರೆದರು. ಶಾರ್ಶೆನ್ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಒಂದರ ಮೇಲೊಂದು ಹೇಳಿ ಪಾರಾದ.

“ಸಾವಿರ ದಾಟಿತು,” ಎಂದಳು ಕೆಂಜೆಗುಲ್.

ಶಾರ್ಶೆನ್‌ನ ಮುಖ ಅರಳಿತು. ಅರಳಿದ ಮುಖ ಪೂರ್ತಿ ಅರಳುವ ಮೊದಲೇ ಬಾಗಿಲು ದಢಾರನೆ ತೆರೆಯಿತು. ಸಾಲ್ಕಿನ್ ಅತ್ತೆ. ಅವಳಿಗೆ ಮೊಬೈಲ್ ಒತ್ತಲು ಬರುತ್ತಿರಲಿಲ್ಲವಾದ್ದರಿಂದ ತಾನೇ ಕಾಮೆಂಟಾಗಿ ಬಂದಿದ್ದಳು.

“ಏನೋ ಶಾರ್ಶೆನ್, ಜಾನಿಲ್ ಹೆಸರಾದ ಮೇಲೆ ನನ್ನ ಹೆಸರಾ? ಅವಳು ಹುಟ್ಟಿದಾಗ ತೊಟ್ಟಿಲು ತೂಗಿದವಳು ನಾನು! ಅವಳ ಮೂಗು ಒರೆಸಿದವಳು ನಾನು!”

“ಅತ್ತೆ, ನಾವು ಲೈವಲ್ಲಿ ಇದೀವಿ.”

“ನಾನೂ ಜೀವಂತವಾಗೇ ಇದೀನಲ್ಲ, ಅದೇ ಹೇಳ್ತಿರೋದು!” ಎಂದು ಅವಳು ಚೌಕಟ್ಟಿನೊಳಗೆ ಕುರ್ಚಿ ಎಳೆದುಕೊಂಡು ಹೂವಿನ ಪಕ್ಕ ಕೂತಳು. “ಓದು. ಮೊದಲಿಂದ. ನಾನು ಇಲ್ಲೇ ಕೇಳಿಸ್ಕೋತೀನಿ.”

ಅವಳ ಹಿಂದೆಯೇ ಊರಿನ ಮುಖ್ಯಸ್ಥರು ಬಂದರು. ಅವರ ತಾಯಿ ಆ ವಂಶದವರು. ಹೆಸರನ್ನು ಹುದ್ದೆಯ ಸಮೇತ, ಸಾಧ್ಯವಾದರೆ ಮೊದಲಲ್ಲೇ ಓದಬೇಕು ಎಂಬುದು ಅವರ ವಿನಂತಿ. ವಿನಂತಿ ಮಾಡುವಾಗ ಅವರ ಹುಬ್ಬು ಆಜ್ಞೆ ಮಾಡುತ್ತಿತ್ತು.

“ಕುರ್ಚಿ ನಿಂದು ದೊಡ್ಡದಿರಬಹುದಪ್ಪಾ,” ಎಂದಳು ಸಾಲ್ಕಿನ್ ಅತ್ತೆ, “ಹಲ್ಲು ಮೊದಲು ಬಂದಿದ್ದು ನಂಗೆ.”

“ಅತ್ತೆ, ಅವು ಈಗ ಒಂದೂ ಇಲ್ವಲ್ಲ.”

“ಹೋಗಿದ್ದೂ ನಂಗೇ ಮೊದಲು! ಹಿಂದೆ ನಿಂತ್ಕೋ.”

ಈ ಸಂಭಾಷಣೆಯ ನಂತರ ಮೊಬೈಲಿನ ತುಂಬ ಹೃದಯದ ಗುರುತುಗಳು ಗುಳ್ಳೆಗಳಂತೆ ಎದ್ದವು. ನೋಡುವವರ ಸಂಖ್ಯೆ ಹಾಲು ಉಕ್ಕಿದಂತೆ ಏರಿತು. ಗೋಡೆಯಾಚೆ ನಾಜಿರಾಳ ಕೋಣೆಯಲ್ಲಿ ಫೋನು ಬಾಯಿಮುಚ್ಚದೆ ಅರಚುತ್ತಿತ್ತು. ಕೊನೆಗೆ ಅವಳು ಕ್ಯಾಮೆರಾ ಹಿಂದೆ ಬಂದು ನಿಂತು ಎರಡೂ ಕೈಯಲ್ಲಿ ಕತ್ತರಿ ಆಡಿಸಿದಳು. ನಿಲ್ಲಿಸಿ ಎಂದು ಅರ್ಥ.

ಶಾರ್ಶೆನ್ ಒಂದು ಹಾಡು ಹಾಕಿಸಿ ಅವಳ ಬಳಿ ಬಂದ. ಬೆವರಿನಿಂದ ಕಾಲರು ಕುತ್ತಿಗೆಗೆ ಅಂಟಿತ್ತು.

“ಸಾವಿರ ಕೇಳಿದ್ದೆ, ಬಂತು. ಸಾಕು ಮಾಡಿ ಶಾರ್ಶೆನಣ್ಣ.”

“ಹೇಗೆ ಮಾಡ್ಲಿ ಮೇಡಂ? ಯಾವ ಹೆಸರಿಗೆ ನಿಲ್ಲಿಸಿದ್ರೂ ಅದರ ಮುಂದಿನವರನ್ನ ಬಿಟ್ಟ ಹಾಗೆ. ಅವರು ನೆಟ್ಟಗೆ ನಿಮ್ಮ ಬಾಗಿಲಿಗೆ ದೂರು ತಗೊಂಡು ಬರ್ತಾರೆ. ಒಬ್ಬನೇ ಒಬ್ಬ ಬರಬಾರ್ದು ಅಂತ ನೀವೇ ಹೇಳಿದ್ದು. ನಾನು ಉಗ್ರಾಣಕ್ಕೆ ಹೋಗಲ್ಲ ಮೇಡಂ. ಗಂಟಲು ಇರೋ ತನಕ ಓದ್ತೀನಿ.”

“ಅಲ್ಲಾ, ‘ಮತ್ತು ಇತರ ಬಂಧುಗಳು’ ಅಂದು ಮುಗಿಸಿ!”

“ಆ ಪದ ಇಲ್ಲ ಅಂತ ಹಿರಿಯರ ಮುಂದೆ ಮಾತು ಕೊಟ್ಟಿದೀನಿ.”

ನಾಜಿರಾ ಹಣೆ ಒತ್ತಿಕೊಂಡಳು. ಆಮೇಲೆ ಅತ್ತಿತ್ತ ನೋಡಿ, ಧ್ವನಿ ತಗ್ಗಿಸಿ ಹೇಳಿದಳು. “ನಮ್ಮಜ್ಜಿನೂ ಅದೇ ವಂಶ. ಆಗಲೇ ಅಮ್ಮ ಫೋನ್ ಮಾಡಿ ಅಳ್ತಿದ್ರು, ಮಗಳು ನಿರ್ದೇಶಕಿ ಆಗಿ ಏನು ಬಂತು ಅಂತ. ಅಮ್ಮನ ಹೆಸರೊಂದು ಸೇರಿಸ್ಬಿಡಿ. ಸಾಲ್ಕಿನ್ ಅತ್ತೆಗಿಂತ ಮುಂಚೆ ಬರತ್ತೆ.”

“ಮೊದಲಿಂದ,” ಎಂದ ಶಾರ್ಶೆನ್, ಯುದ್ಧಕ್ಕೆ ಹೊರಟವನಂತೆ.

ಎಷ್ಟನೆಯ ಮೊದಲೋ ಗೊತ್ತಿಲ್ಲ. ಬಿಸಿಲು ಗುಡ್ಡದ ಆಚೆ ಇಳಿಯುವ ಹೊತ್ತಿಗೆ ಅವನ ಜೇನಿನಂಥ ಧ್ವನಿ ಮೊದಲು ಬೆಲ್ಲವಾಗಿ, ಆಮೇಲೆ ಮರಳಾಗಿ, ಈಗ ತುಕ್ಕು ಹಿಡಿದ ಬಾಗಿಲಾಗಿತ್ತು. ಕೆಂಜೆಗುಲ್ ಪಕ್ಕದ ಅಂಗಡಿಯಿಂದ ಚಾರ್ಜರ್ ಎರವಲು ತಂದಿದ್ದಳು. ಮುಖ್ಯಸ್ಥರು ಶಾರ್ಶೆನ್‌ನ ತಟ್ಟೆಯಿಂದ ಒಣ ಮೊಸರಿನ ಉಂಡೆ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತ ಗೋಡೆಗೊರಗಿದ್ದರು. ಸಾಲ್ಕಿನ್ ಅತ್ತೆ ಕೂತಲ್ಲೇ ನಿದ್ದೆ ಹೋಗಿ, ತನ್ನ ಹೆಸರು ಬಂದಾಗ ಮಾತ್ರ ಎಚ್ಚರವಾಗಿ, ಸರಿಯಾದ ಜಾಗದಲ್ಲಿ ಬಂತೆಂದು ಖಾತ್ರಿಮಾಡಿಕೊಂಡು ಮತ್ತೆ ಮಲಗುತ್ತಿದ್ದಳು.

ಆಗ ಬುರುಲ್ ಬಂದಳು. ಕೈಯಲ್ಲಿ ಉಪ್ಪು ಹಾಕಿದ ಹಾಲಿನ ಚಹಾದ ಫ್ಲಾಸ್ಕು, ಕೆನ್ನೆಯ ಮೇಲೆ ಹಿಟ್ಟು. ಬೆಳಗಿನಿಂದ ತೊಕೊಬಾಯಜ್ಜನ ಮನೆಯಲ್ಲಿ ಬೋರ್ಸೋಕ್ ಕರಿಯಲು ಹೋಗಿದ್ದವಳು.

“ರೀ, ನೀವು ಯಾರಿಗೆ ಶುಭಾಶಯ ಹೇಳ್ತಿದೀರಿ?”

“ಇದೆಂಥಾ ಪ್ರಶ್ನೆ? ತೊಕೊಬಾಯಜ್ಜನಿಗೆ!”

“ಅಜ್ಜ ನೋಡ್ತಿಲ್ಲ.”

ಸಾಲ್ಕಿನ್ ಅತ್ತೆ ಹೆಸರು ಬರದಿದ್ದರೂ ಎಚ್ಚರವಾದಳು.

“ಅಜ್ಜ ಮಧ್ಯಾಹ್ನದಿಂದ ಟೀವಿ ಮುಂದೆ ಕೂತಿದಾರೆ,” ಎಂದಳು ಬುರುಲ್. “ಹೊಸ ಕೋಟು, ಬಿಳಿ ಟೋಪಿ, ಎದೆ ಮೇಲೆ ಪದಕ. ಟೀವಿಯಲ್ಲಿ ಬರೀ ಗೆರೆ. ಗೋಪುರ ನಿಂತಿದೆ ಅಂತ ಅವರಿಗೆ ಯಾರೂ ಹೇಳಿಲ್ಲ. ದೊಡ್ಡ ಮಗ ಹೇಳಿದಾನೆ ಅಂತ ಎರ್ಮೆಕ್, ಎರ್ಮೆಕ್ ಹೇಳಿದಾನೆ ಅಂತ ದೊಡ್ಡ ಮಗ. ಎಲ್ಲಾ ಅಂಗಳದಲ್ಲಿ ಮೊಬೈಲ್ ಹಿಡ್ಕೊಂಡು ತಮ್ಮ ತಮ್ಮ ಹೆಸರಿಗೆ ಕಾಯ್ತಿದಾರೆ. ಅಜ್ಜ ಒಬ್ಬರೇ ಒಳಗೆ. ನಾನು ಊಟಕ್ಕೆ ಕರೆದ್ರೆ, ‘ಇರಮ್ಮಾ, ಶಾರ್ಶೆನ್ ಬರ್ತಾನೆ’ ಅಂತಾರೆ.”

ಮೊಬೈಲಿನಲ್ಲಿ ಹೃದಯಗಳು ನಿಂತವು. ಮಾಸ್ಕೋ, ಸೋಲ್, ಯಾಕುತ್ಸ್ಕ್ ಎಲ್ಲ ಕಡೆಯೂ ಈ ಮಾತು ಕೇಳಿಸಿತ್ತು.

ಶಾರ್ಶೆನ್ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ. “ಕೆಂಜೆಗುಲ್, ಮುಕ್ಕಾಲಿ ಎತ್ತು. ಅಲ್ಲಿಗೇ ಹೋಗೋಣ.”

“ಲೈವ್ ನಿಲ್ಲಿಸಿ ಹೋಗೋಣ ಅಲ್ವಾ?” ಎಂದಳು ನಾಜಿರಾ ಆಸೆಯಿಂದ.

“ನಿಲ್ಲಿಸೋಕೆ ನಾನ್ಯಾರು ಮೇಡಂ?”

“ಹಾಗಾದ್ರೆ ಯಾರು?”

ಉತ್ತರ ಕೊಟ್ಟವಳು ಬುರುಲ್. “ನಮ್ಮಲ್ಲಿ ಯಾವ ಕೂಟ ಆದ್ರೂ ಹೇಗೆ ಮುಗಿಯತ್ತೆ? ಹಿರಿಯರು ಅಂಗೈ ಬಿಚ್ಚಿ ಆಶೀರ್ವಾದ ಮಾಡ್ತಾರೆ, ಎಲ್ಲರೂ ‘ಓಮೀನ್’ ಅಂದು ಮುಖ ಸವರ್ಕೊಂಡು ಏಳ್ತಾರೆ. ಆಮೇಲೆ ಅಲ್ಲಿ ಒಬ್ಬರು ಕೂತಿರಲ್ಲ, ಒಂದು ಮಾತು ಆಡಲ್ಲ. ಅಜ್ಜನ ಬಾಯಿಂದ ಆಶೀರ್ವಾದ ಬಂದ್ರೆ ಮುಗೀತು. ಯಾವ ನೆಂಟ ದೂರು ತರ್ತಾನೆ ನೋಡೋಣ.”

ಶಾರ್ಶೆನ್ ಹೆಂಡತಿಯನ್ನು ಹೊಸದಾಗಿ ನೋಡಿದಂತೆ ನೋಡಿದ. ನಾಜಿರಾ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು.

ಮೆರವಣಿಗೆ ಹೊರಟಿತು. ಮುಂದೆ ಹಿಮ್ಮುಖವಾಗಿ ನಡೆಯುವ ಕೆಂಜೆಗುಲ್, ಅವಳ ಕೈಯಲ್ಲಿ ಮೊಬೈಲ್, ಅದರೆದುರು ಓದುತ್ತಲೇ ನಡೆಯುವ ಶಾರ್ಶೆನ್, ಅವನ ತೋಳು ಹಿಡಿದ ಸಾಲ್ಕಿನ್ ಅತ್ತೆ, ಮುಖ್ಯಸ್ಥರು, ನಾಜಿರಾ, ಫ್ಲಾಸ್ಕಿನ ಬುರುಲ್. ಕೆಂಜೆಗುಲ್ ಒಂದು ಕುರಿಹಿಂಡಿನೊಳಗೆ ಹಿಮ್ಮುಖವಾಗಿಯೇ ಹೊಕ್ಕು ಹಿಮ್ಮುಖವಾಗಿಯೇ ಹೊರಬಂದಳು. ಚೌಕದಲ್ಲಿ ಸಂಚಾರ ಪೊಲೀಸ್ ಕೋಲು ಅಡ್ಡ ಹಿಡಿದ.

“ಏನಿದು ಮೆರವಣಿಗೆ? ಅನುಮತಿ ಇದೆಯಾ?”

“ತೊಕೊಬಾಯಜ್ಜನ ಶುಭಾಶಯ ಕಣಪ್ಪಾ.”

ಪೊಲೀಸ್ ಕೋಲು ಇಳಿಸಿ, ಟೋಪಿ ಸರಿಮಾಡಿಕೊಂಡು, ಮೊಬೈಲಿನ ಕಡೆ ತಿರುಗಿ ನಿಂತ. “ನನ್ನ ಹೆಂಡ್ತಿಯ ದೊಡ್ಡಮ್ಮ ಅವರ ನಾದಿನಿ. ಬರ್ಕೊಳ್ಳಿ.” ಆಮೇಲೆ ದಾರಿ ತೆರವು ಮಾಡುತ್ತ ತಾನೇ ಮುಂದೆ ನಡೆದ. ಅಂಗಡಿಯವರು ಅಂಗಡಿ ಮುಚ್ಚಿ ಹಿಂಬಾಲಿಸಿದರು. ಅಜಾತ್ ಎಲ್ಲಿಂದಲೋ ಮಿನುಗುವ ಕೋಟಿನಲ್ಲಿ ಓಡಿಬಂದು, ಶಾರ್ಶೆನ್‌ನ ಬಿದ್ದುಹೋದ ಗಂಟಲು ಕೇಳಿ, ತನ್ನ ಮೈಕನ್ನು ಅವನ ಕೈಗಿತ್ತ.

ತೊಕೊಬಾಯಜ್ಜನ ಅಂಗಳದಲ್ಲಿ ಜನ ಮೊಬೈಲಿನಲ್ಲಿ ತಮ್ಮದೇ ಬಾಗಿಲನ್ನು ಕಂಡು ಗಾಬರಿಯಾಗಿ ತಲೆಯೆತ್ತಿದರು. ಎರ್ಮೆಕ್ ಓಡಿಬಂದ. ಶಾರ್ಶೆನ್ ಅವನತ್ತ ನೋಡಲೂ ಇಲ್ಲ. ಬೂಟು ಬಿಚ್ಚಿ ನೇರ ಒಳಗೆ ನಡೆದ.

ಅಜ್ಜ ಗೋಡೆಗೊರಗಿ, ಕಂಬಳಿಯ ಹಾಸಿನ ಮೇಲೆ ಕಾಲು ಮಡಿಸಿ ಕೂತಿದ್ದರು. ಎದುರಿನ ಮೇಜಿನ ಮೇಲೆ ಡಬ್ಬದಂಥ ಹಳೆಯ ಟೀವಿ, ಅದರಲ್ಲಿ ಕುಣಿಯುವ ಗೆರೆಗಳು. ಶಾರ್ಶೆನ್ ಎದೆಗೆ ಕೈಯಿಟ್ಟು ಬಾಗಿದ.

“ಅಜ್ಜಾ, ನಿಮಗೆ ಎಂಬತ್ತು ತುಂಬಿದ್ದಕ್ಕೆ…”

“ಸ್ವಲ್ಪ ಸರಿದು ನಿಂತ್ಕೊಳಪ್ಪಾ,” ಎಂದರು ಅಜ್ಜ, “ಟೀವಿಗೆ ಅಡ್ಡ ಆಗ್ತಿದೀಯ. ಈಗ ಶಾರ್ಶೆನ್ ಬರೋ ಹೊತ್ತು.”

“ಅಜ್ಜಾ, ನಾನೇ ಶಾರ್ಶೆನ್.”

ಅಜ್ಜ ಅವನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. “ಸುಳ್ಳು. ಶಾರ್ಶೆನ್‌ಗೆ ಕಾಲಿಲ್ಲ.”

“ಇದೆ ಅಜ್ಜಾ! ಮೇಜಿನ ಕೆಳಗಿರತ್ತೆ!”

“ಧ್ವನಿನೂ ಅವನದ್ದಲ್ಲ. ಅವನದು ಜೇನು. ನಿಂದು ಕೆಮ್ಮಿನ ಕುರಿ.”

ಎರ್ಮೆಕ್ ಮೊಬೈಲ್ ಹಿಡಿದು ಬಂದ. “ಅಪ್ಪಾ, ನೋಡಿ, ಇದ್ರಲ್ಲಿ ಬರ್ತಿದಾನೆ. ಎಲ್ಲಾ ದೇಶದಿಂದ ನೋಡ್ತಿದಾರೆ.”

ಅಜ್ಜ ಮೊಬೈಲನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದರು. “ಇದ್ರಲ್ಲಿ ಜೀರುಂಡೆ ಕಾಣ್ತಿದೆ. ತೆಗಿ ಆಚೆ.”

ಅಂಗಳದವರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ತಲೆ ತೂರಿಸಿದ್ದರು. ಅಜ್ಜ ಒಪ್ಪದಿದ್ದರೆ ಆಶೀರ್ವಾದವಿಲ್ಲ, ಆಶೀರ್ವಾದವಿಲ್ಲದಿದ್ದರೆ ಲೈವ್ ನಿಲ್ಲುವುದಿಲ್ಲ, ನಿಲ್ಲಿಸಿದರೆ ದೂರು, ದೂರು ಬಂದರೆ ಉಗ್ರಾಣ. ನಾಜಿರಾ ಎರಡೂ ಕೈ ಚೆಲ್ಲಿದಳು. ಶಾರ್ಶೆನ್ ಮಾತ್ರ ಟೀವಿಯನ್ನೇ ನೋಡುತ್ತ ನಿಂತಿದ್ದ. ಮಗುವಿಗೆ ಚಮಚದಲ್ಲಿ ಊಟ ಇಳಿಯದಿದ್ದರೆ ಕೈತುತ್ತು ಕೊಡುವ ತಾಯಿಯ ಹಟ ಅವನ ಮುಖದಲ್ಲಿತ್ತು.

“ಎರ್ಮೆಕ್, ಒಂದು ಕೈ ಹಾಕು” ಎಂದ.

ಇಬ್ಬರೂ ಸೇರಿ ಆ ಭಾರದ ಟೀವಿಯನ್ನು ಎತ್ತಿ ಕೆಳಗಿಟ್ಟರು. “ಏಯ್, ಏಯ್!” ಎಂದರು ಅಜ್ಜ. ಶಾರ್ಶೆನ್ ಮೇಜಿನ ಹಿಂದೆ ಹೋಗಿ, ನೆಲದ ಮೇಲೆ ಮಂಡಿಯೂರಿ, ಎದೆಯಿಂದ ಮೇಲೆ ಮಾತ್ರ ಕಾಣುವಂತೆ ಕೂತ. ಬುರುಲ್ ಕಿಟಕಿಯ ನೀಲಿ ಪರದೆಯನ್ನು ಅವನ ಬೆನ್ನ ಹಿಂದೆ ಎಳೆದಳು. ಅವನು ಟೈ ಸರಿಮಾಡಿಕೊಂಡು, ಕೈಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು, ತಲೆಯನ್ನು ಸ್ವಲ್ಪ ಎಡಕ್ಕೆ ಬಾಗಿಸಿ ನಕ್ಕ.

ಅಜ್ಜನ ಮುಖ ಬೆಳಗಿತು. “ಹಾಂ! ಈಗ ಬಂದ!” ಎಂದರು ಪಕ್ಕದಲ್ಲಿದ್ದ ಬುರುಲ್‌ಗೆ. “ಇವತ್ತು ತಡ ಮಾಡಿದ. ಆದ್ರೂ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು, ಗೆರೇನೇ ಇಲ್ಲ.”

ಶಾರ್ಶೆನ್ ಗಂಟಲಿನ ತಳದಲ್ಲಿ ಉಳಿದಿದ್ದ ಕೊನೆಯ ತೊಟ್ಟು ಜೇನನ್ನು ಕೆರೆದು ತೆಗೆದ. ಬೆಟ್ಟದಂಥ ಬಾಳು ಎಂದ, ಹೊಳೆಯಂಥ ಸಂತತಿ ಎಂದ, ಎಂಬತ್ತು ಚಳಿಗಾಲ ದಾಟಿದ ಮಂದೆಯ ಒಡೆಯ ಎಂದ. ಅಜ್ಜ ಅಲುಗದೆ ಕೇಳಿದರು. ಆಮೇಲೆ ಹೆಸರುಗಳು ಶುರುವಾದವು. ನಾಜಿರಾಳ ತಾಯಿ, ಸಾಲ್ಕಿನ್ ಅತ್ತೆ, ಜಾನಿಲ್, ಜೂಮಾಲಿ. ಸ್ವಲ್ಪ ಹೊತ್ತು ಕೇಳಿ ಅಜ್ಜ ಕೈಯೆತ್ತಿದರು.

“ಟೀವಿ ಕೇಳಿಸ್ಕೊಳಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ. ಹೆಸರೆಲ್ಲ ನಂಗೆ ಗೊತ್ತಪ್ಪಾ, ಇಟ್ಟಿದ್ದೇ ಅರ್ಧ ನಾನು. ಉಣ್ಣೆ ಕತ್ತರಿಸೋ ಕಾಲಕ್ಕೆ ಕರೆದ್ರೆ ಇದ್ರಲ್ಲಿ ನಾಕು ಜನ ಬರಲ್ಲ. ಇವತ್ತು ಇಷ್ಟು ಜನ ನೆನೆಸ್ಕೊಂಡ್ರಾ?”

“ನೆನೆಸ್ಕೊಂಡ್ರು ಅಜ್ಜಾ,” ಎಂದ ಶಾರ್ಶೆನ್ ಮೇಜಿನ ಹಿಂದಿನಿಂದ. “ಇನ್ನೂ ನೆನೆಸ್ಕೋತಾನೇ ಇದಾರೆ.”

ಟೀವಿ ಉತ್ತರ ಕೊಟ್ಟಿತೆಂದು ಅಜ್ಜನಿಗೆ ಆಶ್ಚರ್ಯವೇನೂ ಆಗಲಿಲ್ಲ. ಹೊಸ ಕಾಲ, ಗೋಪುರ ಸುಧಾರಿಸಿರಬೇಕು.

ಬುರುಲ್ ಮುಂದೆ ಬಾಗಿದಳು. “ಅಜ್ಜಾ, ಆಶೀರ್ವಾದ ಮಾಡಿ.”

ಅಜ್ಜ ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿದರು. ಕೋಣೆಯಲ್ಲಿದ್ದವರೆಲ್ಲ ಅಂಗೈ ಬಿಚ್ಚಿದರು. ಕಿಟಕಿಯಲ್ಲಿ ನೇತಾಡುತ್ತಿದ್ದವರೂ ಬಿಚ್ಚಿದರು, ಇಬ್ಬರು ಬಿದ್ದರು. ಕೆಂಜೆಗುಲ್ ಮೊಬೈಲನ್ನು ಕುತ್ತಿಗೆ ಮತ್ತು ಇಳಿದ ಹೆಗಲಿನ ನಡುವೆ ಸಿಕ್ಕಿಸಿಕೊಂಡು ಅಂಗೈ ಬಿಚ್ಚಿದಳು. ಮಾಸ್ಕೋದಲ್ಲಿ ಟ್ಯಾಕ್ಸಿಗಳು ರಸ್ತೆಯ ಬದಿಗೆ ಸರಿದು ನಿಂತವು. ಯಾಕುತ್ಸ್ಕ್‌ನಲ್ಲಿ ಪೊರಕೆಗಳು ಗೋಡೆಗೊರಗಿದವು. ನಾಜಿರಾ ಎಲ್ಲರಿಗಿಂತ ಭಕ್ತಿಯಿಂದ ಅಂಗೈ ಹಿಡಿದು ನಿಂತಳು. ಇನ್ನೊಂದು ಕ್ಷಣ, ಮುಗಿಯಿತು.

“ಮಂದೆ ಬೆಳೀಲಿ,” ಎಂದರು ಅಜ್ಜ. “ಒಲೆ ಆರದಿರಲಿ. ದೂರ ಹೋದವರು ದಾರಿ ಮರೀದಿರಲಿ. ಹಾಸಿನ ಮೇಲೆ ಜಾಗ ಸಾಲದಷ್ಟು ಜನ ಬರಲಿ.” ಅವರ ಕಣ್ಣು ಮೇಜಿನ ಮೇಲಿನ ಮುಖದತ್ತ ತಿರುಗಿತು. “ಈ ಹುಡುಗನ ಗಂಟಲು ಗಟ್ಟಿಯಾಗಿರಲಿ. ಇವನ ಕಾರ್ಯಕ್ರಮ ಯಾವತ್ತೂ ನಿಲ್ಲದೇ ಇರಲಿ. ಓಮೀನ್!”

“ಓಮೀನ್!” ಎಂದಿತು ಕೋಣೆ. “ಓಮೀನ್!” ಎಂದಿತು ಅಂಗಳ. ಮೊಬೈಲಿನ ತುಂಬ ಓಮೀನ್‌ಗಳು ಕೆಳಗಿನಿಂದ ಮೇಲಕ್ಕೆ ಹರಿದವು. ಮುಖ್ಯಸ್ಥರು ಹುದ್ದೆಯ ಸಮೇತ ಓಮೀನ್ ಎಂದರು. ನಾಜಿರಾ ಕೂಡ ಗಟ್ಟಿಯಾಗಿ ಎಂದು, ಅಂಗೈಯಿಂದ ಮುಖ ಸವರಿಕೊಳ್ಳುತ್ತ ಗಲ್ಲದವರೆಗೆ ಬಂದವಳು ಅಲ್ಲೇ ಕೈ ನಿಲ್ಲಿಸಿದಳು. ತಾನು ಏನಕ್ಕೆ ಓಮೀನ್ ಎಂದೆ ಎಂಬುದು ಅವಳಿಗೆ ಆಗ ಹೊಳೆಯಿತು.

ಎಂಬತ್ತರ ಹಿರಿಯರ ಆಶೀರ್ವಾದ. ಇಡೀ ವಂಶ ಸಾಕ್ಷಿ. ಅದನ್ನು ಮೀರಿ ಗುಂಡಿ ಒತ್ತುವ ಎದೆಗಾರಿಕೆ ಕೊಚ್ಕೋರ್‌ನಲ್ಲಿ ಇನ್ನೂ ಯಾರಿಗೂ ಹುಟ್ಟಿಲ್ಲ. ಕೆಂಜೆಗುಲ್‌ಳ ಬೆರಳು ಮೊಬೈಲಿನ ಕೆಂಪು ಗುರುತಿನ ಮೇಲೆ ಒಂದು ಕ್ಷಣ ತೂಗಾಡಿತು. ಆಮೇಲೆ ಮೆಲ್ಲಗೆ ಜೇಬಿಗೆ ಇಳಿಯಿತು.

“ಉಗ್ರಾಣಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀನಿ ಶಾರ್ಶೆನಣ್ಣ,” ಎಂದಳು ನಾಜಿರಾ, ಅಳುವೋ ನಗುವೋ ತಿಳಿಯದ ಧ್ವನಿಯಲ್ಲಿ. “ನೀವು… ನೀವು ಮುಂದುವರಿಸಿ.”

ಶಾರ್ಶೆನ್ ಮೇಜಿನ ಹಿಂದೆ ಮಂಡಿ ಬದಲಾಯಿಸಿ ಕೂತ. ಬುರುಲ್ ಫ್ಲಾಸ್ಕಿನಿಂದ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಅಜ್ಜ ದಿಂಬು ಸರಿಮಾಡಿಕೊಂಡು, ಹಾಡು ಯಾವಾಗ ಬರುತ್ತದೆ ಎಂದು ಯಾರನ್ನೋ ಕೇಳುತ್ತಿದ್ದರು. ಮೊಬೈಲಿನಲ್ಲಿ ಇಸ್ತಾಂಬುಲ್‌ನಿಂದ ಹೊಸ ಸಾಲೊಂದು ಮೂಡಿತು: ಅಜ್ಜನ ತಂದೆಯ ಕೊನೆಯ ತಂಗಿ ಇನ್ನೂ ಬದುಕಿದ್ದಾಳೆ, ತೊಂಬತ್ತಾರು, ಈಗಷ್ಟೇ ನಿದ್ದೆಯಿಂದ ಎದ್ದಿದ್ದಾಳೆ, ತನ್ನ ಹೆಸರು ಬಂತೇ ಎಂದು ಕೇಳುತ್ತಿದ್ದಾಳೆ.

ಶಾರ್ಶೆನ್ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಟೈ ಬಿಗಿಮಾಡಿಕೊಂಡ.

“ಮೊದಲಿಂದ,” ಎಂದ.